ಪಿ.ಒ.ಪಿ.ಯಲ್ಲಿ ಗುರುವಿನ ನಾಲ್ಕು ಚಂದ್ರ

ಹದಿನೆಂಟು ವರ್ಷದಿಂದ ವಿಜಯಪುರದಲ್ಲಿ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಕೆಲಸ ಮಾಡುತ್ತಿದ್ದೇನೆ. ಕಮಲ, ನವಿಲು, ಓಂ, ಒಬ್ಬರ ಪಡಸಾಲೆಯಲ್ಲಿ ಎದುರುಬದುರು ಎರಡು ಸಿಂಹ, ಎಲ್ಲ ಆಗಿದೆ. ಚಂದ್ರನನ್ನು ಮಾಡಿರಲಿಲ್ಲ. ಈ ಬೇಸಿಗೆಯಲ್ಲಿ ನಾಲ್ಕು ಮಾಡಿದೆ. ಅವೂ ನಮ್ಮವಲ್ಲ, ಗುರು ಗ್ರಹದವು: ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. 1610ರ ಜನವರಿಯಲ್ಲಿ ಗೆಲಿಲಿಯೋಗೆ ದುರ್ಬೀನಿನಲ್ಲಿ ಬರೀ ಚುಕ್ಕಿಯಾಗಿ ಕಂಡವು.

ಹಚ್ಚಿಕೊಟ್ಟವಳು ಮಗಳು. "ಅಪ್ಪಾ, ಸಾಲಿ ಸುರು ಆದಮ್ಯಾಲೆ ಪ್ರದರ್ಶನ ಐತಿ. ನಾಕು ಥರ್ಮೋಕೋಲ್ ಚೆಂಡು ತಂದುಕೊಡು, ಬಣ್ಣ ಹಚ್ಚತೀನಿ" ಅಂದಳು. ಪಿ.ಒ.ಪಿ. ಕೆಲಸದವನ ಮನೆಯಲ್ಲಿ ಥರ್ಮೋಕೋಲ್! ಮಿಠಾಯಿ ಅಂಗಡಿಯವನ ಮಗ ಬೇರೆ ಅಂಗಡಿಯಲ್ಲಿ ಪೇಢೆ ಕೊಂಡ ಹಾಗೆ. ನಾನೇ ಮಾಡಿಕೊಡುತ್ತೇನೆ ಅಂದೆ. ಎರಡು ಚೀಲ ಪ್ಲಾಸ್ಟರಿನಲ್ಲಿ, ನಾಲ್ಕು ದಿನದಲ್ಲಿ ಮುಗಿದೀತು ಅಂತ ಲೆಕ್ಕ ಹಾಕಿದ್ದೆ. ಹೋದದ್ದು ಐದು ಚೀಲ, ಏಳು ವಾರ.

ಮೊದಲು ಅಳತೆ. ಒಂದು ಸೆಂಟಿಮೀಟರಿಗೆ 200 ಕಿ.ಮೀ. ಹಿಡಿದೆವು. ಹಾಗೆ ಮಾಡಿದರೆ ಅಯೋ 18.2 ಸೆಂ.ಮೀ., ಯುರೋಪಾ 15.6, ಗ್ಯಾನಿಮೀಡ್ 26.3, ಕ್ಯಾಲಿಸ್ಟೊ 24.1. ಇದೇ ಅಳತೆಯಲ್ಲಿ ಗುರುವೇ ಬೇಕೆಂದರೆ ಏಳು ಮೀಟರ್ ಅಗಲದ ಗುಂಡು, ನಮ್ಮ ಮನೆ ಒಡೆದು ಕಟ್ಟಬೇಕು. ಮಗಳು ಇನ್ನೊಂದು ಲೆಕ್ಕ ಮಾಡಿದಳು. ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಅದನ್ನೇ ಗುರು ಅಂದುಕೊಂಡರೆ ಗ್ಯಾನಿಮೀಡ್ ಸರಿಯಾಗಿ ನನ್ನ ಎತ್ತರದ ಗುಂಡು, ಐದು ಅಡಿ ಐದು ಇಂಚು, ಗುಮ್ಮಟದಿಂದ 337 ಮೀಟರ್ ದೂರದಲ್ಲಿ ಸುತ್ತುತ್ತಿರುತ್ತದೆ. ಕ್ಯಾಲಿಸ್ಟೊ 600 ಮೀಟರ್ ಆಚೆ. ನಮ್ಮ ಭೂಮಿ ನಾಲ್ಕು ಮೀಟರ್. ಈ ಲೆಕ್ಕ ಗೊತ್ತಾದ ಮೇಲೆ ನಾನು ಆ ಕಡೆ ಕೆಲಸಕ್ಕೆ ಹೋದಾಗೆಲ್ಲ ಗುಮ್ಮಟ ನೋಡುವ ರೀತಿಯೇ ಬೇರೆಯಾಗಿದೆ.

ಗುಂಡು ತೆಗೆಯುವುದು

ಸೀಲಿಂಗಿನ ನಡುವೆ ಗುಮ್ಮಟ ಎಬ್ಬಿಸುವಾಗ ನಾವು ನಡುವೆ ಸರಳು ನಿಲ್ಲಿಸಿ, ಅದಕ್ಕೆ ತಗಡಿನ ಫರ್ಮಾ ಕಟ್ಟಿ ಸುತ್ತಲೂ ತಿರುಗಿಸುತ್ತೇವೆ. ಹಸಿ ಪ್ಲಾಸ್ಟರ್ ಹೆಚ್ಚಿದ್ದಲ್ಲಿ ತಗಡು ಕೆರೆದು ಹಾಕುತ್ತದೆ, ಕಮ್ಮಿ ಇದ್ದಲ್ಲಿ ಮತ್ತೆ ಮೆತ್ತಬೇಕು. ಚಂದ್ರಕ್ಕೂ ಅದೇ. ಕೋಳಿ ಜಾಳಿಗೆಯ ಬುಟ್ಟಿ, ಮೇಲೆ ನಾರು, ಮೇಲೆ ಪ್ಲಾಸ್ಟರ್, ಕಾಲು ವೃತ್ತದ ಫರ್ಮಾ. ಹೀಗೆ ಎರಡು ಅರ್ಧ ಮಾಡಿ ಜೋಡಿಸುವುದು.

ಮೊದಲನೆಯದರಲ್ಲೇ ಎಡವಿದೆ. ಸರಳಿನ ದಪ್ಪ 12 ಮಿ.ಮೀ. ಫರ್ಮಾ ಕಟ್ಟಿದ್ದು ಸರಳಿನ ಹೊರಮೈಗೆ. ಆ 6 ಮಿ.ಮೀ. ಕಳೆಯಬೇಕಾಗಿತ್ತು, ಕಳೆಯಲಿಲ್ಲ. ಗ್ಯಾನಿಮೀಡ್ ಎತ್ತರ 26.3, ಅಗಲ 27.5 ಆಗಿ, ಮೇಲೆ ಕೆಳಗೆ ಒತ್ತಿದ ಹಾಗೆ ಬಂತು. "ಇದು ಚಂದ್ರ ಅಲ್ಲಪ್ಪಾ, ಗುರುನ ಆತು" ಅಂದಳು. ಆಕೆ ಹೇಳಿದ್ದು ನಿಜ: ಹತ್ತು ತಾಸಿಗೆ ಒಂದು ಸುತ್ತು ಹೊಡೆಯುವ ಗುರು ಗ್ರಹ ನಡುವಿನಲ್ಲಿ ಉಬ್ಬಿ, ಧ್ರುವದಿಂದ ಧ್ರುವಕ್ಕೆ ಅಳೆದಾಗ ಒಂಬತ್ತು ಸಾವಿರ ಕಿ.ಮೀ. ಕಡಿಮೆ ಬರುತ್ತದೆ. ಎರಡನೆಯದು ದುಂಡಗಾಯಿತು, ಆದರೆ ಎರಡು ಅರ್ಧ ಕೂಡಿಸಿದ ಕಡೆ ನಡುವಿನುದ್ದಕ್ಕೂ ಏಣು ಉಳಿಯಿತು. ಶನಿಗೆ ಐಪೆಟಸ್ ಅಂತ ಒಂದು ಚಂದ್ರವಿದೆ, ಅದರ ಸೊಂಟಕ್ಕೆ ಇಂಥದೇ ಏಣು ಇರುವುದನ್ನು 2004ರಲ್ಲಿ ಕಸ್ಸೀನಿ ನೌಕೆ ತೋರಿಸಿತು. ನಮಗೆ ಬೇಕಾದದ್ದು ಅದಲ್ಲ. ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದೆ.

ಕ್ಯಾಲಿಸ್ಟೊ

ಇದು ಸುಲಭ ಅಂತ ಇದನ್ನೇ ಮೊದಲು ಹಿಡಿದೆ. ಮೈತುಂಬ ಕುಳಿ. ಸುಮಾರು ನಾಲ್ಕು ನೂರು ಕೋಟಿ ವರ್ಷದಿಂದ ಉಲ್ಕೆಗಳ ಪೆಟ್ಟು ತಿನ್ನುತ್ತ ಕೂತಿದೆ. ಒಳಗಿನಿಂದ ಏನೂ ಮೇಲೆ ಬಂದು ಹಳೆಯ ಗುರುತು ಅಳಿಸಿಲ್ಲ. ಸೌರಮಂಡಲದಲ್ಲಿ ಇಷ್ಟು ಕುಳಿ ತುಂಬಿದ ದೊಡ್ಡ ಮೈ ಮತ್ತೊಂದು ಸಿಗುವುದು ಕಷ್ಟ.

ಹಸಿ ಪ್ಲಾಸ್ಟರಿನ ಮೇಲೆ ಸಾಸಿವೆ, ಜೋಳ, ಬಟಾಣಿ, ಗೋಲಿ, ಹಳೆಯ ಬೇರಿಂಗಿನ ಗುಂಡು ಉದುರಿಸುವುದು ನಮ್ಮ ಯೋಜನೆ. ಪ್ಲಾಸ್ಟರ್ ಏಪ್ರಿಲ್ ಬಿಸಿಲಿಗೆ ಹತ್ತು ನಿಮಿಷದಲ್ಲಿ ಬಿಗಿಯುತ್ತದೆ. ಬೇಗ ಉದುರಿಸಿದರೆ ಕುಳಿ ಮುಚ್ಚಿಕೊಳ್ಳುತ್ತದೆ, ತಡವಾದರೆ ಗೋಲಿ ಪುಟಿದು ಹೋಗುತ್ತದೆ. ನಡುವೆ ಸಿಗುವುದು ಎರಡೇ ನಿಮಿಷ. ನಮ್ಮ ಹಳೆಯ ಉಪಾಯ ನಿಂಬೆಹಣ್ಣು. ಅದರ ಹುಳಿ ಪ್ಲಾಸ್ಟರ್ ಬಿಗಿಯುವುದನ್ನು ತಡೆಯುತ್ತದೆ. ಇಂಡಿ ನಿಂಬೆ ಒಂದು ಬಕೆಟಿಗೆ ಒಂದು ಹಿಂಡಿದರೆ ಆರಾಮವಾಗಿ ಕಾಲು ತಾಸು ಸಿಕ್ಕಿತು.

ಇನ್ನೊಂದು ಗೋಜು. ಗುಂಡಿನ ಬದಿಗೆ ಬಿದ್ದ ಗೋಲಿ ಜಾರಿ ಉದ್ದನೆಯ ಕುಳಿ ಮಾಡುತ್ತದೆ. ಚಿತ್ರದಲ್ಲಿ ನೋಡಿದರೆ ಎಲ್ಲ ಕುಳಿಯೂ ದುಂಡಗೆ. ಉಲ್ಕೆಗಳೇನು ಎಲ್ಲ ನೇರವಾಗಿಯೇ ಬಿದ್ದವೇ? ಇಲ್ಲ. ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಬಂದದ್ದು ಕಲ್ಲು ಎಸೆದ ಹಾಗೆ ತಗ್ಗು ತೋಡುವುದಿಲ್ಲ, ಬಿದ್ದ ಕಡೆಯೇ ಸಿಡಿಯುತ್ತದೆ. ಖಣಿಯಲ್ಲಿ ಹಾರಿಸುವ ಸಿಡಿಮದ್ದಿನ ಹಾಗೆ. ತೀರ ಓರೆಯಾಗಿ ಸವರಿದ್ದನ್ನು ಬಿಟ್ಟರೆ ಯಾವ ಕಡೆಯಿಂದ ಬಂದರೂ ಕುಳಿ ದುಂಡಗೇ. ನನ್ನ ಗೋಲಿಗೆ ಆ ತಾಕತ್ತು ಇಲ್ಲ. ಹಾಗಾಗಿ ಚಂದ್ರವನ್ನೇ ತಿರುಗಿಸುತ್ತ, ಅಂಗೈ ಅಗಲದ ತೇಪೆ ತೇಪೆಯಾಗಿ, ಮೇಲ್ಮುಖ ಆದಲ್ಲಿ ಮಾತ್ರ ಉದುರಿಸಿದೆವು. ಮೂರು ದಿನ ಹಿಡಿಯಿತು.

ಬಣ್ಣದಲ್ಲಿ ಮಾತ್ರ ಪ್ಲಾಸ್ಟರೇ ಕೈಹಿಡಿಯಿತು. ಕ್ಯಾಲಿಸ್ಟೊದ ಮೇಲೆ ಕಪ್ಪು ಧೂಳಿನ ಹೊದಿಕೆ, ಕೆಳಗೆ ಹಿಮ. ಏರಿದ ತುದಿಗಳಲ್ಲಿ ಬಿಳುಪು ಇಣುಕುತ್ತದೆ. ಮಸಿ-ಕಾವಿ ಕಲಸಿ ಇಡೀ ಮೈಗೆ ಬಳಿದು, ತುದಿಗಳಿಗೆ ಮಾತ್ರ ಪೇಪರ್ ಸವರಿದೆ. ಕೆಳಗಿನ ಬಿಳಿ ತಾನೇ ಹೊರಬಂತು.

ಸೋತದ್ದು ವಲ್ಹಲ್ಲಾದಲ್ಲಿ. ಒಂದು ಭಾರಿ ಪೆಟ್ಟಿನ ಸುತ್ತ ನೀರಿನ ತೆರೆಗಳಂತೆ ಉಂಗುರದ ಮೇಲೆ ಉಂಗುರ, ಹೊರಗಿನದು ಅಡ್ಡಕ್ಕೆ ಸುಮಾರು 3,800 ಕಿ.ಮೀ. ಅಂದರೆ ನನ್ನ ಗುಂಡಿನ ಮೇಲೆ 19 ಸೆಂ.ಮೀ. ಕುದುರಿದ ಪ್ಲಾಸ್ಟರಿನ ಮೇಲೆ ಸುತ್ತಿಗೆಯಿಂದ ಬಡಿದೆ: ಸೂರ್ಯನ ಕಿರಣದ ಹಾಗೆ ಹೊರಕ್ಕೆ ಬಿರುಕು ಬಿಟ್ಟಿತು, ಉಂಗುರ ಬರಲಿಲ್ಲ. ಬಟ್ಟಲು, ತಾಟು ಒತ್ತಿ ಗುರುತು ಮಾಡಿದೆ: ಬಂದೂಕಿನವರ ಗುರಿಹಲಗೆ ಆಯಿತು. ಆಮೇಲೆ ಓದಿ ತಿಳಿದದ್ದೆಂದರೆ ಉಂಗುರ ಮಾಡುವುದು ಪೆಟ್ಟಲ್ಲ, ಪೆಟ್ಟಿನ ನಂತರದ ಕುಸಿತ. ಆ ದೊಡ್ಡ ತಗ್ಗನ್ನು ತುಂಬಲು ಕೆಳಗಿನ ಮೆತ್ತನೆಯ ಪದರ ಎಲ್ಲ ಕಡೆಯಿಂದ ಒಳಕ್ಕೆ ಹರಿಯುತ್ತದೆ. ಮೇಲಿನ ಗಟ್ಟಿ ತೊಗಟೆ ಅದರ ಜೊತೆ ಜಗ್ಗಿಸಿಕೊಂಡು ಸುತ್ತಲೂ ಹರಿಯುತ್ತದೆ, ಬಟ್ಟೆ ಹರಿದ ಹಾಗೆ.

ಸರಳಿನ ತೂತು ಇನ್ನೂ ಮುಚ್ಚಿರಲಿಲ್ಲ. ಆ ತುದಿಯನ್ನು ತಟ್ಟೆಯಷ್ಟು ತೋಡಿ, ಗಣಪತಿ ಮಾಡುವ ಶಾಡು ಮಣ್ಣು ಹಸಿಯಾಗಿ ತುಂಬಿ, ಮೇಲೆ ಎರಡು ಮಿ.ಮೀ. ಪ್ಲಾಸ್ಟರಿನ ತೊಗಟೆ ಎಳೆದೆ. ಅರೆಬಿಗಿ ಆದಾಗ ತೂತಿನಿಂದ ಚಮಚ ಹಾಕಿ ಮಣ್ಣು ಕೆಳಕ್ಕೆ ಎಳೆದೆ. ನಡುವೆ ತೊಗಟೆ ಕುಸಿಯಿತು, ಸುತ್ತ ಒಂದು, ಎರಡು, ಮೂರು ಉಂಗುರದ ಬಿರುಕು! ಎಂಟು ಸೆಂಟಿಮೀಟರಿನವರೆಗೆ ತಾನಾಗಿ ಬಂದವು. ಅದರಾಚೆಗಿನವನ್ನು ನಾನೇ ಕೆತ್ತಿದ್ದು, ಹೊಂದಿಸಿ ನೋಡಿದರೆ ಗೊತ್ತಾಗುತ್ತದೆ. ಆರನೇ ದಿನ ಆ ಮಣ್ಣಿನಲ್ಲಿ ಸಿಕ್ಕಿದ್ದ ಒಂದು ಜೋಳದ ಕಾಳು ಮೊಳಕೆ ಒಡೆದು ವಲ್ಹಲ್ಲಾದಿಂದ ಹೊರಬಂದಿತ್ತು. ಮಗಳು ಫೋಟೋ ತೆಗೆದಿಟ್ಟಿದ್ದಾಳೆ.

ಗ್ಯಾನಿಮೀಡ್

ಎಲ್ಲ ಚಂದ್ರಗಳಲ್ಲಿ ದೊಡ್ಡದು, ಬುಧ ಗ್ರಹಕ್ಕಿಂತ ಅಗಲ. ಮೈಯ ಮೂರನೇ ಒಂದು ಪಾಲು ಹಳೆಯ ಕಪ್ಪು ನೆಲ, ಕುಳಿ ತುಂಬಿದ್ದು. ಉಳಿದದ್ದು ಬೆಳ್ಳಗೆ, ನೇಗಿಲು ಹೊಡೆದ ಹೊಲದ ಹಾಗೆ ಸಾಲುಸಾಲು. ಬಾಚಣಿಗೆಯಿಂದ ಎಳೆದರೆ ಆಯಿತು ಅನಿಸಿತು. ಇಡೀ ಗುಂಡಿಗೆ ಬಾಚಣಿಗೆ ಎಳೆದು, ಅದರ ಮೇಲೆ ಕಪ್ಪು ನೆಲದ ತೇಪೆ ಹಚ್ಚಿದೆ. ಗೋಡೆಗೆ ಕುಳ್ಳು ತಟ್ಟಿದ ಹಾಗೆ ಕಾಣಿಸಿತು.

ಯಾಕೆ ಸರಿಯಿಲ್ಲ ಅಂತ ಒಂದು ಸಂಜೆಯೆಲ್ಲ ಚಿತ್ರ ಹಿಡಿದು ಕೂತೆವು. ಮಗಳೇ ಕಂಡುಹಿಡಿದಳು: ಕಪ್ಪು ನೆಲದ ಅಂಚಿನಲ್ಲಿ ಒಂದು ಕುಳಿ ಅರ್ಧ ಮಾತ್ರ ಇದೆ. ಉಳಿದರ್ಧವನ್ನು ಸಾಲುಗಳು ತಿಂದಿವೆ. ಅಂದಮೇಲೆ ಕುಳಿ ಮೊದಲು, ಸಾಲು ಆಮೇಲೆ. ನಾನು ಉಲ್ಟಾ ಮಾಡಿದ್ದೆ. ನಮ್ಮ ಕೆಲಸದಲ್ಲೂ ಇದೇ ತಪ್ಪಿಗೆ ಎಷ್ಟು ಸೀಲಿಂಗ್ ಒಡೆಸಿದ್ದೇನೆ! ವೈರ್ ಎಳೆಯುವ ಮೊದಲೇ ಪುಟ್ಟಿ ಬಳಿದ ಹುಡುಗರಿಗೆ ಬೈದಿದ್ದು ನೆನಪಾಯಿತು. ಆಮೇಲಿಂದ ಪ್ರತಿ ಚಂದ್ರಕ್ಕೂ ಮೊದಲು ಬರೆದುಕೊಳ್ಳುತ್ತಿದ್ದೆವು: ಯಾವುದು ಯಾವುದನ್ನು ಕತ್ತರಿಸಿದೆ, ಯಾವುದರ ಮೇಲೆ ಯಾವುದು ಬಿದ್ದಿದೆ. ಬಣ್ಣದ ಚಿಂತೆ ಕಡೆಗೆ.

ಎಲ್ಲ ಕೆರೆದು ಮತ್ತೆ ಮಾಡಿದೆ. ಮೊದಲು ಇಡೀ ಗುಂಡು ಕಪ್ಪು, ಕುಳಿ. ಒಣಗಿದ ಮೇಲೆ ಉಳಿಯಿಂದ ಪಟ್ಟೆ ಪಟ್ಟೆಯಾಗಿ ಕಡಿದು ತೆಗೆದು, ಅಲ್ಲಿ ಬಿಳಿ ಪ್ಲಾಸ್ಟರ್ ತುಂಬಿ, ಅರೆಬಿಗಿಯಲ್ಲಿ ಬಾಚಣಿಗೆ. ಒಂದು ಪಟ್ಟೆ ಇನ್ನೊಂದನ್ನು ಅಡ್ಡ ಕತ್ತರಿಸಿದ ಕಡೆ, ಕತ್ತರಿಸಿದ್ದೇ ಹೊಸದು. ಎಲ್ಲಕ್ಕೂ ಕಡೆಗೆ ಒಸಿರಿಸ್ ಎಂಬ ಎಳೆಯ ಕುಳಿ. ಅದರ ಬಿಳಿ ಕಿರಣಗಳು ಕಪ್ಪು-ಬಿಳಿ ನೋಡದೆ ಎಲ್ಲದರ ಮೇಲೆ ಹರಡಿವೆ. ಚಾಕ್‌ಪೀಸಿನ ಪುಡಿ ಉಂಡೆ ಕಟ್ಟಿ ಮೇಲಿನಿಂದ ಕೆಡವಿದೆ, ಒಂದೇ ಏಟಿಗೆ ಕಿರಣ ಬಂದವು.

ಇಲ್ಲಿ ಒಂದು ಕುಳಿ ಬೇಗ ಉದುರಿಸಿ ಕೆಟ್ಟಿತ್ತು. ಗೋಲಿ ತೆಗೆದ ಕೂಡಲೇ ತಗ್ಗು ತಾನೇ ಮೇಲೆದ್ದು ಸಪಾಟಾಗಿ, ಬರೀ ಉಂಗುರದ ಕಲೆ ಉಳಿಯಿತು. ತೇಪೆ ಹಾಕಲು ಹೊರಟಿದ್ದೆ, ಮಗಳು ತಡೆದಳು. ಗ್ಯಾನಿಮೀಡ್ ಮೇಲೆ ಇಂಥ ದೆವ್ವದ ಕುಳಿಗಳು ಬಹಳ ಇವೆ. ಮೆಂಫಿಸ್ ಎಂಬುದು 340 ಕಿ.ಮೀ. ಅಗಲದ್ದು. ಹಿಂದೆ ಒಳಗಿನ ಹಿಮ ಬೆಚ್ಚಗಿದ್ದು ಮೆತ್ತಗಿದ್ದಾಗ ಬಿದ್ದ ತಗ್ಗುಗಳು ನಿಲ್ಲಲಾರದೆ ಸಪಾಟಾದವು. ಇದ್ದಂತೆ ಬಿಟ್ಟೆ. ಇದರ ಪಕ್ಕ ಹೋಗಿರುವ ಕೂದಲೆಳೆಯ ಸೀಳುಗಳಿಗೆ ಮಾತ್ರ ಯಾವ ವಿಜ್ಞಾನವೂ ಇಲ್ಲ, ಅವು ನಾನು ನಾರು ಕಮ್ಮಿ ಹಾಕಿದ್ದರ ಫಲ.

ಯುರೋಪಾ

ಇದರ ಮೇಲೆ ಕುಳಿಗಳೇ ಅಪರೂಪ, ಬಿರುಕುಗಳ ಜಾಲ. ಬಿರುಕು ನಮಗೇನು ಹೊಸದೇ? ಎರೆಮಣ್ಣಿನ ಸೀಮೆ ನಮ್ಮದು. ಒಂದು ಬುಟ್ಟಿ ಎರೆಮಣ್ಣು ತಂದು ನಾದಿ ಬಳಿದು ಬಿಸಿಲಿಗಿಟ್ಟೆ. ಸಂಜೆಗೆ ಚೆಂದಾಗಿ ಬಿರಿಯಿತು. ಮಗಳು ನೋಡಿ, "ಅಪ್ಪಾ, ಇದು ಯುರೋಪಾ ಅಲ್ಲ, ನಮ್ಮೂರ ಹೊಲ" ಅಂದಳು.

ಸರಿಯಾಗಿಯೇ ಅಂದಳು. ಒಣಗಿ ಕುಗ್ಗಿದ ಮಣ್ಣು ಐದಾರು ಮೂಲೆಯ ಹೆಂಚಿನಂತೆ ಬಿರಿಯುತ್ತದೆ. ಯುರೋಪಾದ ಗೆರೆಗಳು ಹಾಗಲ್ಲ, ಸಾವಿರಾರು ಕಿ.ಮೀ. ಉದ್ದಕ್ಕೆ ಕಮಾನಾಗಿ ಓಡುತ್ತವೆ, ಒಂದನ್ನೊಂದು ದಾಟುತ್ತವೆ. ಅದು ಕುಗ್ಗಿ ಬಿರಿದದ್ದಲ್ಲ, ಜಗ್ಗಿ ಬಿರಿದದ್ದು. ಮೂರೂವರೆ ದಿನಕ್ಕೊಮ್ಮೆ ಗುರುವನ್ನು ಸುತ್ತುವಾಗ ಒಮ್ಮೆ ಹತ್ತಿರ, ಒಮ್ಮೆ ದೂರ. ಹಿಮದ ತೊಗಟೆ ಪ್ರತಿ ಸುತ್ತಿಗೂ ಹಿಗ್ಗಿ ತಗ್ಗುತ್ತದೆ, ಕೆಳಗೆ ಉಪ್ಪುನೀರಿನ ಸಮುದ್ರ ಇರುವುದರಿಂದ ಇನ್ನೂ ಸಡಿಲ.

ಹಿಗ್ಗುವ ಗುಂಡು ಬೇಕು. ರಬ್ಬರ್ ಚೆಂಡಿಗೆ ಮೇಣ ಬಳಿದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಮಧ್ಯಾಹ್ನ 41 ಡಿಗ್ರಿ. ಮೇಣ ಬಿರಿಯಲೇ ಇಲ್ಲ, ಕಣಕದ ಹಾಗೆ ಹಿಗ್ಗಿತು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಗಿನ ಐದಕ್ಕೆ ಹೊಡೆದೆ. ಮೂರನೇ ಪಂಪಿಗೆ ಚಟ್ ಅಂತ ಈ ಕಡೆಯಿಂದ ಆ ಕಡೆಗೆ ಒಂದೇ ಉದ್ದನೆಯ ಬಿರುಕು. ಯುರೋಪಾದ ಮೇಲೆ ಮೈನಸ್ 160 ಡಿಗ್ರಿ ಚಳಿ, ಅಲ್ಲಿನ ಹಿಮ ನಮ್ಮ ಕರಿಕಲ್ಲಿನಂತೆ ಗಟ್ಟಿ. ಅದೇ ಹಿಮ ಕೆಳಗೆ ಬೆಚ್ಚಗಾದಲ್ಲಿ ಮಧ್ಯಾಹ್ನದ ಮೇಣ. ಒಂದೇ ವಸ್ತು, ಎರಡು ಸ್ವಭಾವ. ಈ ಎರಡು ಹೊತ್ತು ನೋಡದಿದ್ದರೆ ನನಗಿದು ತಿಳಿಯುತ್ತಿರಲಿಲ್ಲ.

ಬಿರುಕಿಗೆ ಕಾವಿ ಕಲಸಿದ ಬಿಸಿ ಮೇಣ ತುಂಬಿ, ಮತ್ತೆ ತಂಪು ಮಾಡಿ, ಮತ್ತೆ ಪಂಪು. ಹೊಸ ಬಿರುಕು ಹಳೆಯದನ್ನು ಕತ್ತರಿಸಿ ಓಡಿತು. ನಾಲ್ಕನೇ ಸಲಕ್ಕೆ ಒಂದು ಹಳೆಯ ಬಿರುಕೇ ಬಾಯಿ ತೆರೆದು ಅರ್ಧ ಸೆಂ.ಮೀ. ಅಗಲದ ಪಟ್ಟೆ ಆಯಿತು. ಅದನ್ನು ಮುಚ್ಚಿದ ಹಾಗೆ ಊಹಿಸಿದರೆ ಎರಡು ದಡದ ಗೆರೆಗಳೂ ಸರಿಯಾಗಿ ಕೂಡುತ್ತವೆ. ಯುರೋಪಾದ ಪಟ್ಟೆಗಳನ್ನೂ ವಿಜ್ಞಾನಿಗಳು ಹೀಗೆಯೇ ಚಿತ್ರ ಕತ್ತರಿಸಿ ಕೂಡಿಸಿ ನೋಡಿದ್ದಾರೆ. ಕೊನಮಾರಾ ಎಂಬ ಒಡಕು ನೆಲವನ್ನು ಬಿಸಿ ಚಮಚ ಒತ್ತಿ, ಮೇಣದ ಚಕ್ಕೆ ಓರೆಯಾಗಿ ತಿರುಗಿಸಿ ಮಾಡಿದೆ.

ಏರುತಗ್ಗಿನ ಅಳತೆ ಇಲ್ಲಿ ಸೋತಿತು. ಯುರೋಪಾದ ಏಣುಗಳು ಕೆಲವು ನೂರು ಮೀಟರ್. ನನ್ನ ಅಳತೆಯಲ್ಲಿ ಕೂದಲಿಗಿಂತ ತೆಳುವು. ಇದ್ದದ್ದಕ್ಕಿಂತ ನೂರು ಪಟ್ಟು ಎತ್ತರಿಸಿದ್ದೇನೆ ಅಂತ ಕೆಳಗೆ ಚೀಟಿ ಅಂಟಿಸಿದೆ. ಇನ್ನೊಂದು ಚೀಟಿ ಮಸುಕು ಭಾಗಕ್ಕೆ. ಗುರುವಿನ ಕಡೆ ಕಳಿಸಿದ್ದ ಗೆಲಿಲಿಯೋ ಎಂಬ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಹಾಗಾಗಿ ಅದು ಕಳಿಸಿದ ಹತ್ತಿರದ ಚಿತ್ರಗಳು ಕಡಿಮೆ, ನಕ್ಷೆಯಲ್ಲಿ ಬಹಳ ಕಡೆ ಒರೆಸಿದ ಹಾಗಿದೆ. ಅಲ್ಲಿ ಅಂದಾಜಿನ ಬಿರುಕು ಹಾಕಲು ಮನಸ್ಸಾಗಲಿಲ್ಲ, ನಯವಾಗಿ ಬಿಟ್ಟೆ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ಕ್ಕೆ ಅಲ್ಲಿಗೆ ತಲುಪಬೇಕು. ಮೇಣ ಆಮೇಲೆ ಕೆರೆದರಾಯಿತು.

ಯುರೋಪಾದ ಈಗಿನ ಮುಖ ನಾಲ್ಕರಿಂದ ಒಂಬತ್ತು ಕೋಟಿ ವರ್ಷದ್ದು ಅನ್ನುತ್ತಾರೆ. ಗೋಳಗುಮ್ಮಟಕ್ಕೆ ಹಚ್ಚಿದ ಕರಿಕಲ್ಲು ದಖ್ಖನಿನ ಲಾವಾ, ಸುಮಾರು ಆರೂವರೆ ಕೋಟಿ ವರ್ಷದ್ದು. ಹೆಚ್ಚುಕಮ್ಮಿ ಒಂದೇ ವಾರಿಗೆಯವು.

ಅಯೋ

ಹೆಸರಿಗೆ ತಕ್ಕ ಹಾಗೆ ಅಯ್ಯೋ ಅನಿಸಿದ್ದು ಇದೇ. ನಾನೂರಕ್ಕೂ ಹೆಚ್ಚು ಜ್ವಾಲಾಮುಖಿ, ಒಂದೂ ಉಲ್ಕೆಯ ಕುಳಿ ಕಂಡಿಲ್ಲ, ಬಿದ್ದದ್ದೆಲ್ಲ ಹೂತುಹೋಗುತ್ತದೆ. ಅಯೋ ನಾಲ್ಕು ಸುತ್ತು ಹೊಡೆದಾಗ ಯುರೋಪಾ ಎರಡು, ಗ್ಯಾನಿಮೀಡ್ ಒಂದು. ಈ ತಾಳ ಅಯೋದ ದಾರಿ ಪೂರ್ತಿ ದುಂಡಾಗಲು ಬಿಡುವುದೇ ಇಲ್ಲ, ಗುರು ಅದನ್ನು ನಾದುತ್ತಲೇ ಇರುತ್ತಾನೆ. ಬೈಂಡಿಂಗ್ ವೈರನ್ನು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ ತುಟಿಗೆ ಮುಟ್ಟಿಸಿಕೊಂಡವರಿಗೆ ಅದು ಹೇಗೆ ಬಿಸಿಯಾಗುತ್ತದೆ ಅಂತ ಹೇಳಬೇಕಿಲ್ಲ. ಪೀಲ್, ಕ್ಯಾಸನ್, ರೆನಾಲ್ಡ್ಸ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ 1979ರ ಮಾರ್ಚ್ 2ರಂದು ಪ್ರಕಟಿಸಿದರು. ಮೂರೇ ದಿನಕ್ಕೆ ವಾಯೇಜರ್ 1 ನೌಕೆ ಅಲ್ಲಿ ಹಾದುಹೋಯಿತು, 8ರಂದು ತೆಗೆದ ಚಿತ್ರದಲ್ಲಿ ಲಿಂಡಾ ಮೊರಾಬಿಟೊ ಜ್ವಾಲಾಮುಖಿಯ ಕಾರಂಜಿ ಗುರುತಿಸಿದರು.

ಹಳದಿ ಬಣ್ಣ ಗಂಧಕದ್ದು. ತಿಕೋಟಾದ ನಮ್ಮ ಮಾಮಾನ ದ್ರಾಕ್ಷಿ ತೋಟದಲ್ಲಿ ಬೂದಿ ರೋಗಕ್ಕೆ ಉದುರಿಸುವ ಗಂಧಕದ ಪುಡಿ ಇರುತ್ತದೆ, ಎರಡು ಕಿಲೋ ತಂದೆ. ಮಾಳಿಗೆಯ ಮೇಲೆ ಹಳೆಯ ಬಾಣಲೆಯಲ್ಲಿ ಕರಗಿಸಿದೆ. 115 ಡಿಗ್ರಿಗೆ ಜೇನಿನಂತೆ ತೆಳುವಾಗಿ ಕರಗಿತು. ಇನ್ನೂ ಕಾಯಿಸಿದರೆ ತೆಳುವಾಗುವ ಬದಲು ಕೆಂಪಾಗಿ ಕಾಕಂಬಿಯಂತೆ ಮಂದವಾಯಿತು. ನೀರಿಗೆ ಸುರಿದದ್ದು ರಬ್ಬರಿನ ಹಾಗೆ ಎಳೆಯಲು ಬಂತು, ನಾಲ್ಕೈದು ದಿನಕ್ಕೆ ಮತ್ತೆ ಹಳದಿಯಾಗಿ ಪುಡಿಯಾಯಿತು. ಅಷ್ಟರಲ್ಲಿ ಬಾಣಲೆಯ ಅಂಚಿಗೆ ನೀಲಿ ಜ್ವಾಲೆ ಹತ್ತಿತು. ಹಸಿ ಗೋಣಿತಟ್ಟು ಮುಚ್ಚಿ ಆರಿಸಿದೆ, ಆದರೆ ಹೊಗೆ ಕೆಳಗಿಳಿದು ಅರ್ಧ ಓಣಿ ಕೆಮ್ಮಿತು. "ನಿಮ್ಮ ಚಂದ್ರ ಸುಡ್ಲಿ, ಮೊದಲ ಕೆಳಗ ಇಳೀರಿ" ಅಂತ ನಮ್ಮಾಕಿ ಮೆಟ್ಟಿಲ ಮೇಲೆ ನಿಂತು ಕೂಗಿದಳು. ಯಾರೂ ಮನೆಯೊಳಗೆ ಇದನ್ನು ಮಾಡಬೇಡಿ. ಆ ಹೊಗೆ ಎದೆ ಹಿಡಿಯುತ್ತದೆ.

ಕರಗಿದ್ದನ್ನು ಗುಂಡಿನ ಮೇಲೆ ಸುರಿದಾಗ ಪಟಪಟ ಸಿಡಿಯಿತು. ಪ್ಲಾಸ್ಟರಿನಲ್ಲಿ ಹಸಿ ಉಳಿದಿತ್ತು. ಹರಿಯುವ ಗಂಧಕ ಮುಂದೆ ಹೋದ ಹಾಗೆ ಸಿಡಿತದ ಜಾಗವೂ ಮುಂದೆ ಹೋಯಿತು. ಅಯೋದಲ್ಲಿ ಪ್ರೊಮೀಥಿಯಸ್ ಎಂಬ ಕಾರಂಜಿ 1979ಕ್ಕೂ 1996ಕ್ಕೂ ನಡುವೆ ಸುಮಾರು 80 ಕಿ.ಮೀ. ಪಶ್ಚಿಮಕ್ಕೆ ಸರಿದಿತ್ತು. ಲಾವಾ ಹರಿದು ಗಂಧಕದ ಡೈ ಆಕ್ಸೈಡಿನ ಹಿಮದ ಮೇಲೆ ಹೋದಂತೆಲ್ಲ ಅಲ್ಲಲ್ಲೇ ಆವಿ ಏಳುತ್ತದೆ ಎಂಬುದೇ ಅದರ ವಿವರಣೆ.

ಆದರೆ ಗಂಧಕದ ಲಾವಾ ಅಂತ ಹೇಳಿದರೆ ತಪ್ಪಾಗುತ್ತದೆ. ವಾಯೇಜರ್ ಕಾಲದಲ್ಲಿ ಹಾಗೆ ಅಂದುಕೊಂಡವರಿದ್ದರು. ಆಮೇಲೆ ಅಳೆದ ಶಾಖ ಸಾವಿರ ಡಿಗ್ರಿ ದಾಟಿತು. ಗಂಧಕ 445ಕ್ಕೇ ಕುದಿದು ಹಾರಿಹೋಗುತ್ತದೆ. ಕರಗಿದ್ದು ಕಲ್ಲೇ, ಹಳದಿ ಬರೀ ಮೇಲಿನ ಲೇಪ. ಹಾಗಾಗಿ ಸುರಿದದ್ದನ್ನೆಲ್ಲ ಕೆರೆದು, ಖಣಿಯಿಂದ ತಂದ ಕರಿಕಲ್ಲಿನ ಪುಡಿಯನ್ನು ಲಾವಾ ಹರಿವಿನ ಜಾಗಕ್ಕೆ ಅಂಟಿಸಿ, ಸುತ್ತಲೂ ತೆಳುವಾಗಿ ಗಂಧಕ ಉದುರಿಸಿದೆ. ಬೆಟ್ಟಗಳಿಗೆ ಕಲ್ಲಿನ ಚಕ್ಕೆಗಳನ್ನೇ ಓರೆಯಾಗಿ ನೆಟ್ಟೆ. ಅಲ್ಲಿನ ಬೆಟ್ಟಗಳು ಬಹುತೇಕ ಜ್ವಾಲಾಮುಖಿಗಳಲ್ಲ. ಮೇಲೆ ಲಾವಾ ಪೇರುತ್ತ ಹೋದಂತೆ ಕೆಳಗಿನ ತೊಗಟೆ ಇಕ್ಕಟ್ಟಿಗೆ ಸಿಕ್ಕು ಮುರಿದು ಮೇಲೆದ್ದ ಹಲಗೆಗಳು. ಬೊಸಾವ್ಲೆ ಎಂಬಲ್ಲಿ 17 ಕಿ.ಮೀ. ಮೀರಿದ ಎತ್ತರ, ಎವರೆಸ್ಟಿನ ಎರಡು ಪಟ್ಟು ಹತ್ತಿರ.

ಪೆಲೆ ಜ್ವಾಲಾಮುಖಿಯ ಸುತ್ತಲಿನ ಕೆಂಪು ಉಂಗುರ ಸುಮಾರು 1,200 ಕಿ.ಮೀ. ಅಗಲ. ನಮ್ಮ ಅಳತೆಗೆ ಆರು ಸೆಂ.ಮೀ. ಹುಡುಕಿ ನೋಡಿದರೆ ನಮ್ಮಾಕಿಯ ಎರಡು-ಆರರ ಬಳೆ ಸರಿಯಾಗಿ ಆರು! ಕೇಳದೆ ತೆಗೆದುಕೊಂಡೆ. ಅಂಚಿಗೆ ಕುಂಕುಮ ಹಚ್ಚಿ ಒತ್ತಿದೆ. ಬಳೆ ಮರಳಿಸಿದ್ದೇನೆ, ಗಂಧಕದ ವಾಸನೆ ಹೋಗಿಲ್ಲವಂತೆ.

ಕಡೆಗೆ ಮಗಳದೊಂದು ಸೇರ್ಪಡೆ. ಅರ್ಧ ಲೀಟರಿನ ನಾಲ್ಕು ತುಪ್ಪದ ಡಬ್ಬಿ, ಒಂದೊಂದರಲ್ಲಿ ಒಂದೊಂದು ಚಂದ್ರದ ಸಾಂದ್ರತೆಗೆ ತಕ್ಕ ತೂಕ: ಅಯೋಕ್ಕೆ 1,765 ಗ್ರಾಂ, ಯುರೋಪಾಕ್ಕೆ 1,505, ಗ್ಯಾನಿಮೀಡ್‌ಗೆ 970, ಕ್ಯಾಲಿಸ್ಟೊಕ್ಕೆ 915. ಕರಿಕಲ್ಲು, ಮೇಣ ಹಾಕಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಅಯೋಕ್ಕೂ ಯುರೋಪಾಕ್ಕೂ ಬರೀ ಕಲ್ಲು ಸಾಲಲಿಲ್ಲ, ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣದ ಪುಡಿ ತರಬೇಕಾಯಿತು. ಗುರುವಿನಿಂದ ದೂರ ಹೋದಂತೆ ಡಬ್ಬಿ ಹಗುರ. ಹುಟ್ಟಿದಾಗ ಗುರು ಕೆಂಡದಂತಿದ್ದು, ಹತ್ತಿರದಲ್ಲಿ ಹಿಮ ಕೂಡಲು ಬಿಡಲಿಲ್ಲ ಅನ್ನುತ್ತಾರೆ. ಪ್ರದರ್ಶನದಲ್ಲಿ ಹುಡುಗರು ಗುಂಡುಗಳಿಗಿಂತ ಡಬ್ಬಿ ಎತ್ತಿ ನೋಡಲು ಸಾಲು ಹಚ್ಚಿದರು. ಏಳು ವಾರದ ಕೆಲಸಕ್ಕಿಂತ ತುಪ್ಪದ ಡಬ್ಬಿ ಗೆದ್ದಿತು, ಇರಲಿ.

ಈಗ ಮೂರು ಗುಂಡು ಕಪಾಟಿನ ಮೇಲಿವೆ, ಯುರೋಪಾ ಫ್ರಿಜ್ಜಿನಲ್ಲಿ ತರಕಾರಿಯ ಜೊತೆ. ಉಳಿದ ಒಂದು ಕಿಲೋ ಗಂಧಕ ಮರಳಿ ಕೊಡಲು ತಿಕೋಟಾಕ್ಕೆ ಹೋಗಿದ್ದೆ. ಮಾಮಾ ಚೀಲ ಎತ್ತಿ ನೋಡಿ, "ಒಂದ ಕಿಲೋ ಖರ್ಚ ಆಗೇತಲ್ಲೋ. ನಿನಗ ಹೊಲ ಇಲ್ಲ, ತೋಟ ಇಲ್ಲ... ಯಾರ ತೋಟಕ್ಕ ಹೊಡದ್ಯೋ?" ಅಂದ.

"ಅಯೋಕ್ಕ" ಅಂದೆ.

"ಅದು ಯಾವ ತಾಲೂಕ?"